ಅಪ್ಪನ ಬೆರಳು ಎರಡು ಸಲ ಒತ್ತಿದಾಗ

ಮನೆ, ಮಹಡಿಯ ಕೋಣೆ
ಹತ್ತೊಂಬತ್ತನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಚಹಾ ಹಿಡಿದುಕೊಂಡು ಮಹಡಿಗೆ ಬಂದಾಗ ನೋಡಿದೆ: ಅಪ್ಪ ಕಂಪ್ಯೂಟರಿನ ಮೌಸನ್ನು ಬಿಚ್ಚಿ, ಅದರ ಬಾಲವನ್ನು ಕಿಟಕಿ ಪರದೆಯ ಅಂಚಿಗೆ ಗಂಟು ಹಾಕಿ ತೂಗುಬಿಟ್ಟಿದ್ದಾರೆ. ಗಾಳಿ ಬಂದಾಗಲೆಲ್ಲ ಪರದೆ ಹಾರಿ ಅವರ ಕಾಗದಗಳನ್ನು ಗುಡಿಸಿಕೊಂಡು ಹೋಗುತ್ತಿತ್ತಲ್ಲ, ಅದಕ್ಕೆ ಈ ಭಾರ. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದದ್ದನ್ನು ಕಂಡು, 'ಇಷ್ಟು ವರ್ಷಕ್ಕೆ ಅದಕ್ಕೊಂದು ನೆಟ್ಟಗಿನ ಕೆಲಸ ಸಿಕ್ತು' ಎಂದರು. ಈ ಮೌಸು ಪರದೆಗೆ ಹೋಗಿ ಸೇರಿದ ಕಥೆಯನ್ನೇ ನಿನಗೆ ಬರೆಯಬೇಕೆಂದು ಕೂತಿದ್ದೇನೆ. ಆದರೆ ಕ್ರಮ ತಪ್ಪಬಾರದು. ಹೇಗಿದ್ದೀಯ? ಹೊಟ್ಟೆ ತೊಳಸುವುದು ನಿಂತಿತೇ? ಹೋದ ಪತ್ರದಲ್ಲಿ ನೀನು, ಈಗ ಹಡಗು ಅಲ್ಲಾಡಿದರೆ ನಿದ್ದೆ ಬರುತ್ತದೆ, ನಿಂತರೆ ಎಚ್ಚರವಾಗುತ್ತದೆ ಎಂದು ಬರೆದಿದ್ದೆ. ಅಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, 'ಹಾಗಾದ್ರೆ ಅವಳು ಬರೋ ಹೊತ್ತಿಗೆ ಮಂಚಕ್ಕೆ ಚಕ್ರ ಹಾಕಿಸಿ ಇಡಬೇಕಾ?' ಎಂದು ಕೇಳಿದಳು. ಸಮುದ್ರದ ಆಳ ಅಳೆಯುವವರು ತಮ್ಮ ಹೊಟ್ಟೆಯ ಆಳವನ್ನೂ ಸ್ವಲ್ಪ ಗಮನಿಸಿಕೊಳ್ಳಬೇಕಂತೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಇದೂ ಅಮ್ಮನ ಮಾತೇ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು ಎನ್ನುತ್ತೀಯೇನೋ. ನಿನ್ನ ಹಡಗಿನ ಫೋನು ನಮಗೆ ಸಿಗುವುದು ತಿಂಗಳಿಗೆ ಹತ್ತು ನಿಮಿಷ. ಅದರಲ್ಲಿ ಏಳು ನಿಮಿಷ ಅಮ್ಮನದು, ಮೂರು ನಿಮಿಷ ಅಪ್ಪನದು. ಕೊನೆಯಲ್ಲಿ ನನಗೆ ಸಿಗುವುದು ನಿನ್ನ ಒಂದು ಪ್ರಶ್ನೆ: 'ಎಲ್ಲಾ ನೋಡಿದೆಯಾ?' ಅಪ್ಪ ಪಕ್ಕದಲ್ಲೇ ಕೂತಿರುತ್ತಾರಾದ್ದರಿಂದ ನಾನು 'ಹೂಂ' ಎನ್ನುತ್ತೇನೆ. ಆ ಒಂದು 'ಹೂಂ' ಹಿಂದೆ ಈ ತಿಂಗಳು ಏನೇನಾಯಿತು ಎನ್ನುವುದು ಪತ್ರದಲ್ಲಲ್ಲದೆ ಬೇರೆ ಯಾವುದರಲ್ಲೂ ಹಿಡಿಸುವುದಿಲ್ಲ.

ಮೊನ್ನೆ ಅಮ್ಮನ ಹತ್ತಿರ ಕೋಟು ಹೊಲಿಸಲು ಬಂದ ಹೊಸ ಗಿರಾಕಿಯೊಬ್ಬರು ಕೇಳಿದರಂತೆ, 'ನಿಮ್ಮ ಯಜಮಾನರು ಪುಸ್ತಕ ಬರೀತಾರಾ?' ಎಂದು. ಅಮ್ಮ ಬಾಯಲ್ಲಿದ್ದ ಸೂಜಿ ತೆಗೆದು, 'ಇಲ್ಲ ಕಣ್ರೀ, ಬೇರೆಯವರು ಬರೆದ ಪುಸ್ತಕದಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಕೊನೇಲಿ ಪಟ್ಟಿ ಹಾಕ್ತಾರೆ. ಊರಿನ ಪುಸ್ತಕದಲ್ಲೆಲ್ಲ ಏನು ಎಲ್ಲಿದೆ ಅಂತ ಅವರಿಗೆ ಗೊತ್ತು. ಅವರ ಕನ್ನಡಕ ಎಲ್ಲಿದೆ ಅಂತ ಮಾತ್ರ ನಾನೇ ಹೇಳಬೇಕು' ಎಂದಳಂತೆ. ಅಪ್ಪನ ಇಪ್ಪತ್ತಾರು ವರ್ಷದ ಪದಸೂಚಿ ಕೆಲಸವನ್ನು ಇಷ್ಟು ಚೆನ್ನಾಗಿ ನಾವಿಬ್ಬರೂ ಯಾರಿಗೂ ವಿವರಿಸಿಲ್ಲ.

ನೀನು ಹೊರಡುವ ಹಿಂದಿನ ದಿನ ನನ್ನನ್ನು ಮಹಡಿಗೆ ಕರೆದುಕೊಂಡು ಬಂದು, ಅಪ್ಪನ ಕೈ ನಡುಗುವುದಕ್ಕೆ ಶುರುವಾಗಿದೆ, ಒತ್ತಿದ ಅಂಕೆಯನ್ನೇ ಬೆರಳು ಇನ್ನೊಂದು ಸಲ ಒತ್ತುತ್ತದೆ, ಅವರಿಗೆ ಗೊತ್ತಾಗುತ್ತಿಲ್ಲ ಎಂದೆ. ಅಕ್ಷರ ಎರಡಾದರೆ ಕಣ್ಣಿಗೆ ಕಾಣುತ್ತದೆ. ನಲವತ್ತೇಳನೇ ಪುಟ ನಾನೂರ ಎಪ್ಪತ್ತೇಳಾದರೆ ಯಾರ ಕಣ್ಣಿಗೂ ಕಾಣುವುದಿಲ್ಲ, ಅದೂ ಒಂದು ಪುಟವೇ ತಾನೆ. ಆಮೇಲೆ ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದು ಕೊಡುವ ಆ ಕಪ್ಪು ಕಿಟಕಿ ತೆರೆದು ಒಂದು ಸಾಲನ್ನು ಟೈಪ್ ಮಾಡಿ ತೋರಿಸಿದೆ. ಅಪ್ಪನ ಫೈಲಿನಲ್ಲಿ ಎಲ್ಲೆಲ್ಲಿ ಒಂದೇ ಅಂಕೆ ಜೋಡಿಯಾಗಿ ಬಂದಿದೆಯೋ ಆ ಸಾಲುಗಳನ್ನೆಲ್ಲ ಹೆಕ್ಕಿ ಕೊಡುವ ಆಜ್ಞೆ ಅದು. ಅವರು ಏಳುವ ಮುಂಚೆ ಇದನ್ನು ಓಡಿಸು, ಪುಸ್ತಕದ ಪುಟ ತೆರೆದು ಹೋಲಿಸು, ತಪ್ಪಿದ್ದರೆ ಸರಿಮಾಡು, ಅಪ್ಪನಿಗೆ ಗೊತ್ತಾಗಬಾರದು ಎಂದೆ. ನಾನು ಐದು ತಿಂಗಳು ಹಾಗೇ ಮಾಡಿದೆ. ನನ್ನ ಜೊತೆ ಓದಿದವರೆಲ್ಲ ಕೆಲಸ ಹುಡುಕುತ್ತಿದ್ದಾಗ ನಾನು ಬೆಳಗಿನ ಆರು ಗಂಟೆಗೆ ಜೇನುನೊಣದ ಪುಸ್ತಕದಲ್ಲಿ ರಾಣಿಹುಳು ನಿಜವಾಗಿ ಯಾವ ಪುಟದಲ್ಲಿದೆ ಎಂದು ಹುಡುಕುತ್ತಿದ್ದೆ. ಬೇಸರವೇನೂ ಆಗಲಿಲ್ಲ. ಯಾರ ಎದುರೂ ಮಾತಾಡಬೇಕಿಲ್ಲದ ಕೆಲಸ ನನಗೆ ಒಗ್ಗುತ್ತದೆಂದು ನಿನಗೇ ಗೊತ್ತು.

ಹೋದ ತಿಂಗಳು ನನಗೆ ಜ್ವರ ಬಂತು. ಒಂದು ವಾರ ಮೇಲೇಳಲಿಲ್ಲ. ಆ ವಾರವೇ ಗಡಿಯಾರಗಳ ಪುಸ್ತಕದ ಪದಸೂಚಿ ಪ್ರಕಾಶನಕ್ಕೆ ಹೋಗಿಬಿಟ್ಟಿತು, ಹನ್ನೊಂದು ತಪ್ಪುಗಳ ಸಮೇತ. ಪುಸ್ತಕದಲ್ಲಿರುವುದೇ ಇನ್ನೂರ ತೊಂಬತ್ತು ಪುಟ, ಅಪ್ಪನ ಪ್ರಕಾರ ಲೋಲಕ ಇರುವುದು ಮುನ್ನೂರ ಮೂವತ್ತಮೂರನೇ ಪುಟದಲ್ಲಿ! ಪ್ರಕಾಶನದ ಸಂಪಾದಕಿ ಹೋದ ವಾರ ಸೋಮವಾರ ಫೋನ್ ಮಾಡಿದರು. ಬೈಯಲಿಲ್ಲ, ಅದೇ ಕಷ್ಟವಾದದ್ದು. 'ನೋಡಿ, ಈಗ ನಿಮ್ಮ ಹತ್ತಿರ ಇರೋ ಸೇತುವೆಗಳ ಪುಸ್ತಕ ಸರಿಯಾಗಿ ಬಂದ್ರೆ ಮುಂದಿಂದು ಕಳಿಸ್ತೀನಿ. ಇಲ್ಲಾಂದ್ರೆ ಇಷ್ಟಕ್ಕೇ ಸಾಕು ಮಾಡೋಣ. ಶುಕ್ರವಾರ ಮಧ್ಯಾಹ್ನದೊಳಗೆ' ಎಂದರು. ಅಪ್ಪ 'ಆಗಲಿ' ಎಂದು ಫೋನಿಟ್ಟು, ತಮ್ಮ ಬಲಗೈಯನ್ನು ಮೇಜಿನ ಮೇಲೆ ಚಾಚಿ, ಯಾರದೋ ಕೈ ಎನ್ನುವ ಹಾಗೆ ನೋಡುತ್ತಾ ಕೂತರು. 'ಇಷ್ಟು ದಿನ ಚೆನ್ನಾಗೇ ಇತ್ತಲ್ಲ ಇದು, ಹೋದ ತಿಂಗಳಿಂದ ಏನು ಬಂತು ಇದಕ್ಕೆ?' ಎಂದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಖಾಲಿ ಲೋಟ ತೆಗೆದುಕೊಂಡು ಕೆಳಗಿಳಿದೆ.

ಮಂಗಳವಾರ ಅಮ್ಮ ರಿಪೇರಿ ಮಾಮನನ್ನು ಕರೆಸಿದಳು. ಮಿಕ್ಸಿಯಿಂದ ಲಿಫ್ಟಿನವರೆಗೆ ಎಲ್ಲವನ್ನೂ ಬಿಚ್ಚುವ ಅದೇ ಮಾಮ, ಬೀದಿಯ ತುದಿಯ ಅಂಗಡಿಯವರು. ಅವರು ಕೀಬೋರ್ಡನ್ನು ಮಗುಚಿ ಬಡಿದರು. ಹಿಡಿ ತುಂಬ ಬಿಸ್ಕತ್ತಿನ ಪುಡಿ ಬಿತ್ತು. 'ಇದೇ ರೋಗ!' ಎಂದು ಹೊಸ ಕೀಬೋರ್ಡ್ ಹಾಕಿ ಹೋದರು. ಹೊಸ ಕೀಬೋರ್ಡಿನಲ್ಲೂ ಲೋಲಕ ಅಲ್ಲೇ ಹೋಗಿ ನಿಂತಿತು. ಮತ್ತೆ ಬಂದು, ಸೆಟ್ಟಿಂಗ್ಸ್ ಕಿಟಕಿಯಲ್ಲಿ ಇಂಥ ಕೈಯವರಿಗೆಂದೇ ಏನೋ ಒಂದು ಗುಂಡಿ ಇರುತ್ತದೆ, ಅದನ್ನು ಆನ್ ಮಾಡಿ ಎಂದು ಬಾಯಲ್ಲಿ ಹೇಳಿ ಚಹಾ ಕುಡಿದು ಹೋದರು. ಅಪ್ಪ ಮೌಸು ಹಿಡಿದರು. ಬಾಣದ ಗುರುತು ಪರದೆಯ ಮೇಲೆಲ್ಲ ನೊಣದ ಹಾಗೆ ಹಾರಾಡಿತು. ಹೇಗೋ ಕೊನೆಗೆ ಆ ಗುಂಡಿ ಸಿಕ್ಕಿ ಒತ್ತಿದರೆ ಆನ್ ಆಯಿತು. ಅಷ್ಟರಲ್ಲಿ ಬೆರಳು ತನ್ನ ಪಾಡಿಗೆ ತಾನು ಎರಡನೇ ಸಲ ಒತ್ತಿ ಆಫ್ ಮಾಡಿತು. ಮತ್ತೆ ಆನ್, ಮತ್ತೆ ಆಫ್. ಔಷಧಿಯ ಅಂಗಡಿಗೆ ಹತ್ತಬೇಕಾದ ಮೆಟ್ಟಿಲನ್ನೇ ಕಾಯಿಲೆ ಮುರಿದಿಟ್ಟ ಹಾಗೆ. 'ನಾನು ಒತ್ತಲಾ ಅಪ್ಪಾ?' ಎಂದೆ. 'ಬೇಡ. ನನ್ನ ಯಂತ್ರ, ನಾನೇ ಮಾಡ್ಕೋತೀನಿ' ಎಂದರು. ಅವರು ನನ್ನ ಜೊತೆ ಅಷ್ಟು ಬಿರುಸಾಗಿ ಮಾತಾಡಿದ್ದು ನೆನಪಿಲ್ಲ. ಐದೇ ನಿಮಿಷಕ್ಕೆ ಬಿಸ್ಕತ್ತಿನ ಡಬ್ಬ ತಂದು ನನ್ನ ಕಡೆ ತಳ್ಳಿದರು, ಅದು ಬೇರೆ ವಿಷಯ.

ಆವಾಗ ನನಗೆ ನಿನ್ನ ಕಪ್ಪು ಕಿಟಕಿ ನೆನಪಾಯಿತು. ಅಲ್ಲಿ ಗುರಿಯಿಡಬೇಕಾದ ಗುಂಡಿಯೇ ಇಲ್ಲ. ಏನು ಬೇಕೋ ಅದನ್ನು ಬರೆಯಬೇಕು, ತಪ್ಪಾದರೆ ಅಳಿಸಿ ಬರೆಯಬಹುದು, ಎಂಟರ್ ಒತ್ತುವವರೆಗೆ ಅದು ಕಾಯುತ್ತದೆ. ನಡುಗುವ ಕೈಗೆ ಅಷ್ಟು ತಾಳ್ಮೆ ತೋರಿಸುವುದು ಇನ್ಯಾವುದಿದೆ? ನನಗೆ ಕಂಪ್ಯೂಟರ್ ಬರುವುದಿಲ್ಲ, ಆದರೆ ಓದಲು ಬರುತ್ತದೆ. ಬುಧವಾರ ಮಧ್ಯಾಹ್ನವೆಲ್ಲ ಅದರ ಕೈಪಿಡಿ ಓದಿದೆ. ಈ ಯಂತ್ರದ ಸೆಟ್ಟಿಂಗುಗಳನ್ನೆಲ್ಲ ಪಟ್ಟಿ ಮಾಡು ಎನ್ನುವುದಕ್ಕೆ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಸಾವಿರಾರು ಸಾಲುಗಳು ಕೆಳಗಿನಿಂದ ಉಕ್ಕಿ ಬಂದವು. ಗಡಿಯಾರ ಹನ್ನೆರಡು ಗಂಟೆಯದೋ ಇಪ್ಪತ್ತನಾಲ್ಕರದೋ, ಹಿನ್ನೆಲೆಯ ಬಣ್ಣ ಯಾವುದು, ಎಷ್ಟು ಹೊತ್ತು ಸುಮ್ಮನಿದ್ದರೆ ಪರದೆಗೆ ಬೀಗ ಬೀಳಬೇಕು, ಎಲ್ಲವೂ. ಅಪ್ಪ ನನ್ನ ಭುಜದ ಮೇಲಿಂದ ಬಗ್ಗಿ, 'ಅಯ್ಯೋ, ಇಷ್ಟು ದೊಡ್ಡ ಪುಸ್ತಕಕ್ಕೆ ಪದಸೂಚಿ ಇಲ್ವಾ?' ಎಂದರು. ಇದೆ ಎಂದೆ. ಕೀಬೋರ್ಡ್ ಎನ್ನುವ ಪದ ಇರುವ ಸಾಲುಗಳನ್ನು ಮಾತ್ರ ಕೊಡು ಎಂದು ಗ್ರೆಪ್ ಎಂಬ ಆಜ್ಞೆ ಸೇರಿಸಿದೆ, ಸಾವಿರಾರು ಹೋಗಿ ನಲವತ್ತೋ ಐವತ್ತೋ ಉಳಿದವು. ಅಪ್ಪ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. 'ಇದು ನನ್ನ ಕೆಲಸ ಕಲ್ತಿದೆಯಲ್ಲೇ!' ಎಂದು ಎರಡು ನಿಮಿಷ ಸಂಭ್ರಮಪಟ್ಟರು, ಮೂರನೇ ನಿಮಿಷಕ್ಕೆ ವೃತ್ತಿಯ ಅಭಿಮಾನ ಎದ್ದಿತು. 'ಆದರೂ ಇದು ಪದ ಹುಡುಕುತ್ತೆ ಅಷ್ಟೇ. ವಿಷಯ ಹುಡುಕಲ್ಲ. ಸೇತುವೆ ಅಂತ ಕೇಳಿದರೆ ಸೇತುವೆ ಕೊಡುತ್ತೆ, ದೋಣಿ ದಾಟಿಸುವವನು ಕೆಲಸ ಕಳ್ಕೊಂಡ ಪುಟ ಕೊಡಲ್ಲ. ಅದನ್ನ ನಾನು ಕೊಡ್ತೀನಿ.' ಅಕ್ಕಾ, ಈ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು. ಈ ಕೆಲಸ ಅವರಿಂದ ಹೋದರೆ ಏನು ಹೋಗುತ್ತದೆ ಎಂದು ನನಗೆ ಆ ಕ್ಷಣ ಪೂರ್ತಿ ಅರ್ಥವಾಯಿತು.

ಆ ನಲವತ್ತೈವತ್ತು ಸಾಲುಗಳನ್ನು ಇಬ್ಬರೂ ಒಂದೊಂದಾಗಿ ಓದಿದೆವು. ಯಾವುದಾದರೂ ಒಂದರ ಮುಂದೆ ನಿಂತು ಇದರ ಅರ್ಥವೇನು ಎಂದು ಕೇಳುವುದಕ್ಕೂ ಒಂದು ಆಜ್ಞೆ ಇದೆ. ಕೇಳಿದರೆ ಒಂದೇ ವಾಕ್ಯದಲ್ಲಿ ಹೇಳುತ್ತದೆ, ಉಪನ್ಯಾಸ ಕೊಡುವುದಿಲ್ಲ. ನಮಗೆ ಪಾಠ ಮಾಡಿದ ಎಷ್ಟೋ ಮೇಷ್ಟ್ರುಗಳಿಗೆ ಈ ಗುಣ ಇರಲಿಲ್ಲ. ಗುರುವಾರ ಬೆಳಿಗ್ಗೆ ನಮಗೆ ಬೇಕಾದದ್ದು ಸಿಕ್ಕಿತು: ಒಂದೇ ಕೀಲಿಯನ್ನು ಇಷ್ಟು ಹೊತ್ತಿನೊಳಗೆ ಮತ್ತೆ ಒತ್ತಿದರೆ ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಎನ್ನುವ ಸೆಟ್ಟಿಂಗು. ಅಪ್ಪನ ಬೆರಳಿಗೆಂದೇ ಯಾರೋ ಬರೆದಿಟ್ಟ ಹಾಗಿತ್ತು. ಎರಡು ಆಜ್ಞೆ ಕೊಡಬೇಕು. ಮೊದಲನೆಯದು, ಎಷ್ಟು ಹೊತ್ತು ಎಂಬುದು, ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. ಎರಡನೆಯದು, ಇದನ್ನು ಚಾಲೂ ಮಾಡು ಎಂಬುದು. ಮುನ್ನೂರು ಸಾಕು, ಅಂದರೆ ಸೆಕೆಂಡಿನಲ್ಲಿ ಮೂರನೇ ಒಂದು ಪಾಲಿಗೂ ಕಡಿಮೆ ಎಂದು ನಾನು ಹೇಳಿದೆ. ಅಪ್ಪನೇ ಟೈಪ್ ಮಾಡಿದರು, ಒಂದೊಂದೇ ಅಕ್ಷರ, ನಾಲಗೆಯ ತುದಿ ಕಚ್ಚಿಕೊಂಡು. ಎರಡನೆಯದಕ್ಕೆ ಎಂಟರ್ ಒತ್ತಿ, ಸೇತುವೆಯ ಫೈಲಿಗೆ ಹೋಗಿ ನಲವತ್ತೇಳು ಹೊಡೆದರು. ನಲವತ್ತೇಳು ಬಂತು. ಐವತ್ತೆರಡು ಹೊಡೆದರು, ಐವತ್ತೆರಡೇ ಬಂತು. ಬೆರಳು ನಡುಗುತ್ತಿತ್ತು, ಪರದೆ ನಡುಗಲಿಲ್ಲ. ಕೆಳಗಿನಿಂದ ಅಮ್ಮ, 'ರೀ, ಊಟ ಆರ್ತಾ ಇದೆ! ಅಪ್ಪ ಮಗಳು ಇಬ್ಬರೂ ಕಂಪ್ಯೂಟರನ್ನೇ ತಿಂತೀರಾ?' ಎಂದು ಕೂಗಿದಳು. ಗೆದ್ದವರ ಹಾಗೆ ಮೆಟ್ಟಿಲಿಳಿದೆವು.

ಊಟ ಮುಗಿಸಿ ಬಂದರೆ ಪರದೆಗೆ ಬೀಗ ಬಿದ್ದಿತ್ತು. ಅದೇನು ಹೊಸದಲ್ಲ. ಅಪ್ಪ ಪಾಸ್‌ವರ್ಡ್ ಹೊಡೆದರು, ತಪ್ಪು ಎಂದಿತು. ಮತ್ತೆ ಹೊಡೆದರು, ತಪ್ಪು. ಕೈಯೇ ಕಾರಣವೆಂದು ನಾನು ಹೊಡೆದೆ, ತಪ್ಪು. ಅಪ್ಪನ ಪಾಸ್‌ವರ್ಡ್ ಮನೆಯವರಿಗೆಲ್ಲ ಗೊತ್ತಿರುವುದೇ: ಹಳೆಯ ಬೀದಿಯ ಹೆಸರು, ಮುಂದೆ ನೀನು ಹುಟ್ಟಿದ ತಾರೀಖು ಇಪ್ಪತ್ತೆರಡು, ನಾನು ಹುಟ್ಟಿದ್ದು ಹನ್ನೊಂದು. ಹದಿನೈದು ಸಲ ಹೊಡೆದೆವು. ಆಗ ಅಪ್ಪ ಮೆಲ್ಲಗೆ ಹೇಳಿದರು, 'ನಾನು ಫೈಲ್ ಉಳಿಸಿಲ್ಲ.' ಎಷ್ಟು ಎಂದು ಕೇಳಿದೆ. 'ಮೂರು ದಿನದ್ದು.' ಅವರ ಅಭ್ಯಾಸ ನಿನಗೆ ಗೊತ್ತಲ್ಲ. ಕಾಗದದ ಕಾರ್ಡುಗಳ ಕಾಲದಲ್ಲಿ ಒಂದು ಭಾಗದ ಪದಗಳೆಲ್ಲ ಮುಗಿಯದೆ ಆ ಕಟ್ಟಿಗೆ ದಾರ ಬಿಗಿಯುತ್ತಿರಲಿಲ್ಲ. ಉಳಿಸುವುದೆಂದರೆ ಈಗಲೂ ಅವರಿಗೆ ದಾರ ಬಿಗಿದ ಹಾಗೆ, ಅರೆಬರೆಯಾದದ್ದಕ್ಕೆ ಯಾರಾದರೂ ದಾರ ಕಟ್ಟುತ್ತಾರೆಯೇ? ಶುಕ್ರವಾರ ಮಧ್ಯಾಹ್ನಕ್ಕೆ ಇನ್ನು ಇಪ್ಪತ್ತೆರಡು ಗಂಟೆ ಉಳಿದಿತ್ತು. ಮೂರು ದಿನದ ಕೆಲಸ ಆ ಬೀಗದ ಹಿಂದೆ, ಯಂತ್ರದ ನೆನಪಿನಲ್ಲಿ ಮಾತ್ರ ಇತ್ತು.

ರಿಪೇರಿ ಮಾಮ ಮತ್ತೆ ಬಂದರು. ನೋಡಿ, 'ಇದಕ್ಕೇನು ಪುರಾಣ? ಪ್ಲಗ್ ಕಿತ್ತು ಹಾಕಿದ್ರೆ ಆಯ್ತು. ಮತ್ತೆ ಶುರು ಮಾಡಿದ್ರೆ ತಾನೇ ತೆರೆಯುತ್ತೆ' ಎಂದರು. ಅದು ತೆರೆಯುತ್ತಿತ್ತೇನೋ, ಆದರೆ ಮೂರು ದಿನ ಹೋಗುತ್ತಿತ್ತು. ಅಪ್ಪ ಕುರ್ಚಿಯಲ್ಲೇ ಕೂತಿದ್ದರು, ಸೋತ ಮುಖ. ಮಾಮ ಬಗ್ಗಿ ಪ್ಲಗ್ಗಿನ ಕಡೆ ಕೈ ಚಾಚಿದರು. ಅಕ್ಕಾ, ನಾನು ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವವಳು. ಅವತ್ತು ಹೋಗಿ ಗೋಡೆಗೆ ಬೆನ್ನು ಕೊಟ್ಟು, ಪ್ಲಗ್ಗಿಗೆ ಅಡ್ಡವಾಗಿ ನಿಂತು, 'ಬೇಡ ಮಾಮ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋದಕ್ಕೆ ಆಗಲ್ಲ' ಎಂದೆ. ನನ್ನ ಸ್ವರ ನನಗೇ ಯಾರದೋ ಅನ್ನಿಸಿತು. ಮಾಮ ಬಗ್ಗಿದವರು ಬಗ್ಗಿದ ಹಾಗೇ ತಲೆ ಎತ್ತಿ, 'ಈ ಹುಡುಗಿಗೆ ಮಾತು ಬರುತ್ತಾ?' ಎಂದು ಅಪ್ಪನನ್ನು ಕೇಳಿದರು. ಮಾಮ ಪ್ಲಗ್ ಬಿಟ್ಟು ಮಾತಿಗಿಳಿದರು, ಅಪ್ಪನೂ ಈಗ ದನಿಗೂಡಿಸಿದರು, ಮೂವರೂ ಒಂದೇ ಸಲಕ್ಕೆ ಮಾತಾಡುತ್ತಿದ್ದೆವು.

ಈ ಗಲಾಟೆಯ ನಡುವೆ ಅಮ್ಮ ಯಾವಾಗ ಮೇಲೆ ಬಂದಳೋ ಯಾರೂ ನೋಡಲಿಲ್ಲ. ಕುತ್ತಿಗೆಯಲ್ಲಿ ಅಳತೆ ಟೇಪು, ಕೈಯಲ್ಲಿ ಹಿಂಬದಿಗೆ ಪಾಸ್‌ವರ್ಡ್ ಬರೆದುಕೊಂಡ ಹಳೇ ರಸೀದಿ. ಕುರ್ಚಿಯ ಪಕ್ಕದಲ್ಲಿ ಬಗ್ಗಿ, ತಾನು ಬಟ್ಟೆ ಅಳೆಯುವ ಹಾಗೆ ಅಳೆದು ಅಳೆದು ಹೊಡೆಯುತ್ತಿದ್ದಳು. ಚೀಟಿ ನೋಡಬೇಕು, ಕನ್ನಡಕ ಮೇಲೆ ಮಾಡಿ ಪರದೆ ನೋಡಬೇಕು, ಕನ್ನಡಕ ಇಳಿಸಿ ಕೀಲಿ ಹುಡುಕಬೇಕು, ಒತ್ತಬೇಕು. 'ಎರಡು... ಆಯ್ತು. ಇನ್ನೊಂದು ಎರಡು, ಎಲ್ಲಿದೆ ಚೀಟೀಲಿ, ಹೂಂ, ಇಲ್ಲಿದೆ.' ಎರಡು ಸಲ ಅಳೆದು ಒಂದು ಸಲ ಕತ್ತರಿಸು ಎಂದು ನಮಗೆ ಹೇಳಿಕೊಟ್ಟವಳಲ್ಲವೇ. ಎಂಟರ್ ಒತ್ತಿದಳು. ತೆರೆಯಿತು! ಸೇತುವೆಯ ಫೈಲು, ಮೂರು ದಿನದ ಕೆಲಸ, ಬಿಟ್ಟುಹೋದ ಐವತ್ತೆರಡರ ಮುಂದೆ ಮಿಟುಕುವ ಗೆರೆ. 'ಇದಕ್ಕಾ ಇಷ್ಟು ರಂಪ? ಆತುರಗಾರನಿಗೆ ಬುದ್ಧಿ ಮಟ್ಟ' ಎಂದು ಟೇಪು ಸರಿಮಾಡಿಕೊಂಡು ಕೆಳಗೆ ಹೋದಳು. ಮಾಮನೂ ಅವಳ ಹಿಂದೆಯೇ ಇಳಿದರು, 'ಅಮ್ಮೋರು ನನ್ನ ಅಂಗಡೀಲಿ ಕೆಲಸಕ್ಕೆ ಬರ್ತೀರಾ?' ಎಂದು ಕೇಳುತ್ತಾ. ಅಪ್ಪ ಮಾಡಿದ ಮೊದಲ ಕೆಲಸ, ಅರ್ಧ ಕಟ್ಟಿಗೇ ದಾರ ಬಿಗಿದದ್ದು. ಫೈಲ್ ಉಳಿಯಿತು.

ನಾನು ಒಂದನ್ನು ಗಮನಿಸಿದ್ದೆ. ನಾವು ಹೊಡೆದಾಗಲೆಲ್ಲ ಪರದೆಯ ಮೇಲೆ ಬಂದ ಚುಕ್ಕಿಗಳ ಸಾಲಿಗಿಂತ ಅಮ್ಮನ ಸಾಲು ಎರಡು ಚುಕ್ಕಿ ಉದ್ದ ಇತ್ತು. ಹಾಗಾದರೆ ನಮ್ಮ ಜೋಡಿ ಅಂಕೆಗಳಲ್ಲಿ ಒಂದೊಂದನ್ನು ಯಂತ್ರ ನುಂಗುತ್ತಿತ್ತು, ಅಮ್ಮನದನ್ನು ನುಂಗಲಿಲ್ಲ. ಈಗ ಎಷ್ಟು ಹೊತ್ತೆಂದು ಇಟ್ಟುಕೊಂಡಿದ್ದೀಯ ಎಂದು ಕಪ್ಪು ಕಿಟಕಿಯಲ್ಲಿ ಕೇಳಿದೆ. ಮೂರು ಸಾವಿರ ಎಂದಿತು. ಅಪ್ಪ ಮುನ್ನೂರು ಹೊಡೆಯುವಾಗ ಬೆರಳು ಇನ್ನೊಂದು ಸೊನ್ನೆ ಸೇರಿಸಿತ್ತು, ನಾವಿಬ್ಬರೂ ನೋಡಿರಲಿಲ್ಲ. ಸೆಟ್ಟಿಂಗ್ಸ್ ಕಿಟಕಿಯಾಗಿದ್ದರೆ ಇಷ್ಟು ದೂರ ಎಳೆಯಲು ಬಿಡುತ್ತಿರಲಿಲ್ಲವೇನೋ, ಕಪ್ಪು ಕಿಟಕಿ ನಾವು ಬರೆದದ್ದನ್ನು ನಂಬುತ್ತದೆ. ಪೂರ್ತಿ ಮೂರು ಸೆಕೆಂಡು ತಾಳದೆ ಒಂದೇ ಕೀಲಿಯನ್ನು ಮತ್ತೆ ಒತ್ತಿದರೆ ಅದು ಕೇಳಿಸಿಕೊಳ್ಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ನಿಧಾನವಾಗಿ ಟೈಪ್ ಮಾಡುವವಳು ಒಬ್ಬಳೇ. ಅಪ್ಪ 'ಕಾಯಿಲೆ ಔಷಧಿ ಚೀಟಿಗೂ ತಗುಲಿತಲ್ಲೇ' ಎಂದು ನಕ್ಕದ್ದೇ ನಕ್ಕದ್ದು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹಳೆಯ ಆಜ್ಞೆಯನ್ನು ಪೂರ್ತಿ ಮತ್ತೆ ಹೊಡೆಯಬೇಕಿಲ್ಲ ಅಪ್ಪಾ, ಮೇಲ್ಮುಖದ ಬಾಣದ ಕೀಲಿ ಒತ್ತಿದರೆ ಹಿಂದಿನದು ಬರುತ್ತದೆ ಎಂದು ನಾನೇ ಜಾಣತನ ತೋರಿಸಿದೆ. ಅಪ್ಪ ಒತ್ತಿದರು. ಒಂದು ಬಂತು. ಮತ್ತೆ ಒತ್ತಲು ಮೂರು ಸೆಕೆಂಡು ಕಾದರು. ಇನ್ನೊಂದು ಬಂತು. ಅದರ ಹಿಂದೆ ನಮಗೆ ಬೇಕಾದದ್ದೂ ಬಂತು, ಒಂದು ಸೊನ್ನೆ ಅಳಿಸಿ ಎಂಟರ್ ಒತ್ತಿದ್ದರೆ ಮುಗಿಯಿತು. ಆದರೆ ಅವರು ಪದಸೂಚಿಯ ಮನುಷ್ಯ, ಹಿಂದೆ ಇನ್ನೂ ಪುಟ ಇದೆ ಎಂದರೆ ತಿರುಗಿಸದೆ ಇರಲಾರರು. 'ಇನ್ನೂ ಹಿಂದೆ ಹೋಗುತ್ತಾ?' ಎಂದು ಒತ್ತಿದರು. ಅರ್ಥ ಕೇಳಿದ್ದು ಬಂತು. ಮೂರು ಸೆಕೆಂಡು. ಗ್ರೆಪ್ ಬಂತು. ಮೂರು ಸೆಕೆಂಡು. ದೊಡ್ಡ ಪಟ್ಟಿ ಬಂತು. ಅದರ ಹಿಂದೆ ಏನಿದೆ ಎಂದು ನನಗೆ ಆಗ ಹೊಳೆಯಿತು. ನೀನು ಕಲಿಸಿದ ಸಾಲು ಬಂತು, ಕೊನೆಯಲ್ಲಿ ಫೈಲಿನ ಹೆಸರು, ಸೇತುವೆ. ಮೂರು ಸೆಕೆಂಡು. ಅದೇ ಸಾಲು, ಕೊನೆಯಲ್ಲಿ ಉಪ್ಪು. ಮೂರು ಸೆಕೆಂಡು. ಅದೇ ಸಾಲು, ಕೊನೆಯಲ್ಲಿ ಜೇನು. ಒಂದೊಂದೇ ಮೆಟ್ಟಿಲು ಹತ್ತಿ ನನ್ನ ಐದು ತಿಂಗಳು ಮೇಲೆ ಬಂದವು. ಆ ಕಿಟಕಿ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ ಎಂದು ನೀನು ಯಾಕೆ ಹೇಳಿರಲಿಲ್ಲ?

'ಇದು ಯಾವ ಸಾಲು?' ಎಂದರು. ಹೇಳಿದೆ. 'ಎಷ್ಟು ದಿನದಿಂದ?' ಅಕ್ಕ ಹೋದಾಗಿನಿಂದ ಎಂದೆ. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕೆಳಗೆ ಹೋದರು. ಹೊಲಿಗೆ ಯಂತ್ರ ನಿಂತ ಸದ್ದು ಕೇಳಿಸಿತು. 'ನಿನಗೂ ಗೊತ್ತಿತ್ತಾ?' ಎಂದದ್ದು ಕೇಳಿಸಿತು. 'ಈ ಮನೇಲಿ ನನಗೆ ಯಾರು ಏನು ಹೇಳ್ತಾರೆ? ಏನಾಯ್ತು ಈಗ?' ಎಂದು ಅಮ್ಮ. ಆಮೇಲೆ ಬೀದಿ ಬಾಗಿಲು ತೆಗೆದ ಸದ್ದು. ಕಿಟಕಿಯಿಂದ ನೋಡಿದೆ. ಬೀದಿಯ ಆ ತುದಿಯವರೆಗೆ ಹೋಗಿ, ಅಂಚೆ ಡಬ್ಬಿಯ ಹತ್ತಿರ ನಿಂತು, ಅದಕ್ಕೆ ಹಾಕಲು ಕೈಯಲ್ಲಿ ಏನೂ ಇಲ್ಲ ಎನ್ನುವುದು ಆಮೇಲೆ ನೆನಪಾದವರ ಹಾಗೆ ತಿರುಗಿ ಬಂದರು. ಬಂದು ಬಾಗಿಲಲ್ಲಿ ನಿಂತು ಹೇಳಿದರು: 'ಆ ಸಂಪಾದಕಿ ಫೋನಿನಲ್ಲಿ, ಏನು ಚೊಕ್ಕವಾಗಿದೆ ನಿಮ್ಮ ಕೆಲಸ ಅಂದಾಗೆಲ್ಲ ನಾನು ಕಾಲರ್ ಸರಿ ಮಾಡ್ಕೊಂಡಿದ್ದೆ. ಅದು ನಿನ್ನ ಕಾಲರ್.' ನಾನು ಅಳುವುದಕ್ಕೆ ಶುರುಮಾಡಿದೆ. 'ಅಳಬೇಡ ಕಣೇ. ತಪ್ಪು ಮಾಡೋದು ದೊಡ್ಡದಲ್ಲ. ನಾನು ತಪ್ಪು ಮಾಡ್ತಿದೀನಿ ಅಂತ ನನಗೊಬ್ಬನಿಗೇ ಗೊತ್ತಿಲ್ಲದೆ ಇರೋದು, ಅದು ಚೆನ್ನಾಗಿಲ್ಲ' ಎಂದು, ಕೂತು, ಆ ಸೊನ್ನೆ ಅಳಿಸಿ ಎಂಟರ್ ಒತ್ತಿದರು. ಅಕ್ಕಾ, ನಾವಿಬ್ಬರೂ ಒಳ್ಳೆಯದಕ್ಕೇ ಮಾಡಿದೆವು. ಆದರೂ ಅವರು ಆ ಅಂಚೆ ಡಬ್ಬಿಯ ಹತ್ತಿರ ನಿಂತದ್ದು ಮರೆಯಲಾಗುತ್ತಿಲ್ಲ.

ಗುರುವಾರ ಸಂಜೆ ಅವರು ಕೆಲಸ ಮಾಡಿದ್ದನ್ನು ನೀನು ನೋಡಬೇಕಿತ್ತು. ನಿಜವಾಗಿಯೂ ಜೋಡಿ ಅಂಕೆ ಬರುವ ಪುಟಗಳಿವೆಯಲ್ಲ, ಎಪ್ಪತ್ತೇಳು, ನೂರ ಹನ್ನೊಂದು, ಅವುಗಳಿಗೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಒಂದು ಏಳು ಹೊಡೆದು, ಬೆರಳನ್ನು ಎತ್ತಿ ಮೇಜಿನ ಮರಕ್ಕೆ ಒಂದು ಸಲ ತಟ್ಟಿ, ಇನ್ನೊಂದು ಏಳು ಹೊಡೆಯುತ್ತಾರೆ. ಕೀಲಿಗೊಂದು, ಮರಕ್ಕೊಂದು, ಕೀಲಿಗೊಂದು. ಕೆಳಗೆ ಕೂತ ಅಮ್ಮನಿಗೆ ಆ ಟಕ್ ಟಕ್ ಟಕ್ ಕೇಳಿದರೆ ಸಾಕು, 'ಓಹೋ, ಎಂಬತ್ತೆಂಟು ಬಂತು' ಎನ್ನುತ್ತಾಳೆ, ಸುಮ್ಮನೆ ಊಹೆ. ಶುಕ್ರವಾರ ಹತ್ತು ಗಂಟೆಗೆ ಮುಗಿಯಿತು. ಅಪ್ಪ ಕುರ್ಚಿ ಬಿಟ್ಟು ಎದ್ದು, 'ಕೂತ್ಕೋ. ಆ ನಿಮ್ಮ ಸಾಲು ಓಡಿಸು. ಈ ಸಲ ನನ್ನೆದುರಿಗೆ ನೋಡು' ಎಂದರು. ಇಬ್ಬರೂ ಒಟ್ಟಿಗೆ ಹೋಲಿಸಿದೆವು. ಒಂದೇ ಒಂದು ತಪ್ಪು ಸಿಕ್ಕಿತು, 'ಕಮಾನು'ಗಳ ಹತ್ತಿರ. 'ಇದು ಮಂಗಳವಾರದ್ದು, ಔಷಧಿಗೆ ಮುಂಚಿನದು' ಎಂದು ಅವರೇ ತಿದ್ದಿದರು. ಕಳಿಸುವಾಗ ಜೊತೆಗೆ ಎರಡು ಸಾಲು ಬರೆದರು, ಹಿಂದಿನ ಐದು ತಿಂಗಳು ತಿದ್ದಿದ್ದು ನನ್ನ ಮಗಳು, ಇನ್ನು ಮುಂದೆ ನಾನೇ, ಎಂದು. ನಾನು ಬೇಡವೆಂದರೂ ಕೇಳಲಿಲ್ಲ. ಸೋಮವಾರ, ಅಂದರೆ ನಿನ್ನೆ, ಸಂಪಾದಕಿ ಫೋನ್ ಮಾಡಿ ನಕ್ಕರು. 'ಅದಕ್ಕೇ ಆ ಐದು ತಿಂಗಳು ಅಲ್ಪವಿರಾಮಗಳೂ ಜಾಗದಲ್ಲಿದ್ದವು!' ಎಂದರಂತೆ. ಹೌದು, ಕೈ ತಡೆಯದೆ ಅವನ್ನೂ ಸರಿಮಾಡುತ್ತಿದ್ದೆ. ಹಗ್ಗಗಳು ಮತ್ತು ಗಂಟುಗಳ ಬಗ್ಗೆ ಒಂದು ದಪ್ಪ ಪುಸ್ತಕ ಬರುತ್ತಿದೆ, ಅಪ್ಪನಿಗೇ. ಮೌಸು ಇನ್ನು ಬೇಡ, ಬೇಕಾದ್ದನ್ನೆಲ್ಲ ಬರೆದೇ ಹೇಳುತ್ತೇನೆ ಎಂದು ಅಪ್ಪ ತೀರ್ಮಾನಿಸಿದ್ದಾರೆ. ಅಕ್ಷರದ ಗಾತ್ರ, ಪರದೆಯ ಬೆಳಕು, ಬೀಗ ಬೀಳುವ ಹೊತ್ತು, ಎಲ್ಲವನ್ನೂ ತಾವೇ ಬದಲಿಸಿ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದಾರೆ, ಅಕಾರಾದಿಯಾಗಿ, ಮತ್ತೆ ಹೇಗೆ? ನಿನ್ನೆ ಇಡೀ ದಿನ ಪರದೆಯ ಹಿನ್ನೆಲೆಯ ಬಣ್ಣ ಏಳು ಸಲ ಬದಲಾಯಿತು. ಅಮ್ಮ ಮೇಲೆ ಬಂದು, 'ಈ ನೀಲಿಗೆ ಒಂದು ಅಂಗಿ ಹೊಲಿದುಕೊಡಲಾ?' ಎಂದು ಕೇಳಿ ಹೋದಳು.

ನೀನು ಗಾಳಿಯಲ್ಲಿ ಜಾಸ್ತಿ ನಿಲ್ಲಬೇಡ. ಅಮ್ಮ ಹೆಣೆದು ಕಳಿಸಿದ ಟೋಪಿ ದೊಡ್ಡದಾದರೆ ಹೇಳು, ಚಿಕ್ಕದಾದರೆ ಹೇಳಬೇಡ, ಅವಳಿಗೆ ಬೇಜಾರಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ನಿನ್ನನ್ನು ಹರಸಿದ್ದಾರೆ. ರಿಪೇರಿ ಮಾಮ ಹಡಗಿನ ಇಂಜಿನ್ ಕೆಟ್ಟರೆ ಪ್ಲಗ್ ಕಿತ್ತು ಹಾಕಲು ಹೇಳಿದ್ದಾರೆ.

ನಿನ್ನ
ತಂಗಿ

ಮರೆತದ್ದು: ಅಂಚೆಯವರು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಜೋಡಿ ಅಂಕೆಯ ಆ ಪಾಸ್‌ವರ್ಡ್ ತೊಂದರೆ ಕೊಡುತ್ತದೆಂದು ನಿನ್ನೆ ಅಪ್ಪ ಅದನ್ನು ಬದಲಿಸಿದರು, ಕಪ್ಪು ಕಿಟಕಿಯಲ್ಲೇ. ಅಲ್ಲಿ ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಚುಕ್ಕಿಯೂ ಬರುವುದಿಲ್ಲ, ಆದರೆ ಬೆರಳು ಎಲ್ಲಿ ಹೋಗುತ್ತದೆ ಎಂದು ಪಕ್ಕದಲ್ಲಿದ್ದವರಿಗೆ ಕಾಣುತ್ತದೆ. ನಾನು ಬೀದಿಯ ಕಡೆ ತಿರುಗಿ ನಿಂತೆ. 'ನೋಡ್ಕೋ, ನಾನು ಮರೆತರೆ ಹೇಳೋಕೆ ಒಬ್ಬರು ಬೇಕಲ್ಲ' ಎಂದರು. ಮರೆತರೆ ನೀವೇ ನೆನಪು ಮಾಡಿಕೊಳ್ಳಿ ಅಪ್ಪಾ ಎಂದೆ. ಇನ್ನು ಹಗ್ಗಗಳ ಪುಸ್ತಕದ ಕೆಲಸಕ್ಕೆ ಅವರಾಗಿ ಕರೆದರೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ, ಕರೆಯದಿದ್ದರೆ ಆ ಫೈಲನ್ನು ನಾನು ತೆರೆಯುವುದಿಲ್ಲ, ಪಾಸ್‌ವರ್ಡ್ ಗೊತ್ತಿಲ್ಲದೆ ಈಗ ತೆರೆಯಲೂ ಆಗುವುದಿಲ್ಲ. ಆದ್ದರಿಂದ ಮುಂದಿನ ಸಲ ಫೋನಿನಲ್ಲಿ 'ಎಲ್ಲಾ ನೋಡಿದೆಯಾ' ಎಂದು ನನ್ನನ್ನು ಕೇಳಬೇಡ. ಅಪ್ಪನನ್ನೇ ಕೇಳು.